ಪೈಪಿನೊಳಗೆ ಆಕ್ಸಿಜನ್

2022ರ ಮಾರ್ಚ್. ಕುಮಟೆಯಲ್ಲಿ ಎಸಿ ಜೋಡಣೆ, ದುರಸ್ತಿಯ ಗುತ್ತಿಗೆ ಹಿಡಿದು ನನಗೆ ಇಪ್ಪತ್ತೇಳು ವರ್ಷ ತುಂಬಿತ್ತು. ಹೊನ್ನಾವರ, ಭಟ್ಕಳದ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವನು ನನ್ನ ಹೆಂಡತಿ ಲಲಿತೆಯ ತಮ್ಮ ಮಂಜುನಾಥ. ನಲವತ್ತು ದಾಟಿದ್ದರೂ ಮನೆಯಲ್ಲಿ ಅವನಿನ್ನೂ ಮಂಜುವೇ. ಕೈ ನನಗಿಂತ ಚುರುಕು. ತಾಳ್ಮೆ ಎಂಬುದು ಮಾತ್ರ ಅವನ ಜಾತಕದಲ್ಲೇ ಇಲ್ಲ.

ಆ ವಾರ ಭಟ್ಕಳದ ಒಂದು ಮದುವೆ ಹಾಲಿನಲ್ಲಿ ದೊಡ್ಡ ಎಸಿಯ ಕೆಲಸ ನಡೆದಿತ್ತು. ಉಪ್ಪುಗಾಳಿಗೆ ತೂತುಬಿದ್ದ ತಾಮ್ರದ ಪೈಪುಗಳನ್ನು ತೆಗೆದು ಹೊಸದು ಎಳೆಯಬೇಕು, ಕಂಪ್ರೆಸರ್ ಬದಲಿಸಬೇಕು. ಶನಿವಾರ ಸಂಜೆಗೆ ಮದುವೆ. ಪೈಪು ಬೆಸೆದ ಮೇಲೆ, ತಂಪಿನ ಗ್ಯಾಸ್ ತುಂಬುವ ಮೊದಲು ಒಂದು ಪರೀಕ್ಷೆ ಮಾಡುತ್ತೇವೆ. ಒಣ ನೈಟ್ರೋಜನ್ ತುಂಬಿ, ಆ ಯಂತ್ರಕ್ಕಾದರೆ ಮುನ್ನೂರು ಪಿಎಸ್‌ಐ ಒತ್ತಡದಲ್ಲಿ ರಾತ್ರಿಯಿಡೀ ಬಿಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಮುನ್ನೂರು ಅಂದರೆ ಸ್ಕೂಟರ್ ಟೈರಿನ ಗಾಳಿಯ ಹತ್ತು ಪಟ್ಟು.

ಶುಕ್ರವಾರ ಬೆಳಿಗ್ಗೆ ಮಂಜು ಫೋನ್ ಮಾಡಿ, ನೈಟ್ರೋಜನ್ ಸಿಲಿಂಡರ್ ಖಾಲಿ ಎಂದ. ನಾನು ಇನ್ನೊಂದನ್ನು ವ್ಯಾನಿಗೆ ಕಟ್ಟಿಕೊಂಡು ಹನ್ನೊಂದೂವರೆಗೆ ಕುಮಟೆ ಬಿಟ್ಟೆ. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ನಿಂತಿತ್ತು. ಹಿಂದೆ ಹೋಗಲಿಕ್ಕಿಲ್ಲ, ಮುಂದೆ ಹೋಗಲಿಕ್ಕಿಲ್ಲ. ಹನ್ನೆರಡೂ ನಲವತ್ತಕ್ಕೆ ಮಂಜು ಮತ್ತೆ ಫೋನ್ ಮಾಡಿದ.

"ಭಾವಾ, ನೀವು ನಿಧಾನ ಬನ್ನಿ. ಕಪ್ಪು ಸಿಲಿಂಡರಿಂದ್ಲೇ ಪ್ರೆಶರ್ ಕೊಟ್ಟೆ. ಮುನ್ನೂರು ನಿಂತದೆ. ಮೇಲೆ ಹೋಗಿ ವಯರ್ ಕಟ್ಟಿ, ಒಂದು ಸಲ ಕಂಪ್ರೆಸರ್ ತಿರ್ಗ್ಸಿ ನೋಡ್ತೆ. ಆಮೇಲೆ ಊಟ."

"ಮಂಜೂ, ಮುಟ್ಟಬೇಡಾ!" ಎಂದು ಕೂಗಿದೆ. ಅಷ್ಟರಲ್ಲಿ ಅವನು ಫೋನ್ ಇಟ್ಟಾಗಿತ್ತು.

ಕಪ್ಪು ಸಿಲಿಂಡರ್ ಅಂದರೆ ಪೈಪು ಬೆಸೆಯಲು ಬಳಸುವ ಆಕ್ಸಿಜನ್. ಅದು ತಾನಾಗಿ ಉರಿಯುವುದಿಲ್ಲ. ಆದರೆ ಉರಿಯುವ ವಸ್ತುವನ್ನು ಹುಚ್ಚು ಹಿಡಿದಂತೆ ಉರಿಸುತ್ತದೆ. ಕಂಪ್ರೆಸರಿನೊಳಗೆ ಎಣ್ಣೆ ಇರುತ್ತದೆ. ಅಷ್ಟು ಒತ್ತಡದ ಆಕ್ಸಿಜನ್ ಒಳಗಿರುವಾಗ ಸ್ವಿಚ್ ಒತ್ತಿದರೆ ಕಿಡಿ ಬೇಕಿಲ್ಲ, ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಉಕ್ಕಿನ ಚಿಪ್ಪು ಒಡೆದು ಎದುರಿಗಿದ್ದವನ ಎದೆಗೆ ಬರುತ್ತದೆ.

ಇಷ್ಟು ಗೊತ್ತಿಲ್ಲದ ದಡ್ಡನೇ ಮಂಜು ಎಂದು ಕೇಳಬಹುದು. ಅವನಲ್ಲ, ದಡ್ಡ ನಾನು. ಹದಿನೆಂಟು ವರ್ಷದ ಹಿಂದೆ ಹೊನ್ನಾವರದ ಒಂದು ಲಾಡ್ಜಿನಲ್ಲಿ ನೈಟ್ರೋಜನ್ ಮುಗಿದಾಗ ಮಂಜುವಿನ ಎದುರು ನಾನೇ ಕಪ್ಪು ಸಿಲಿಂಡರ್ ತಿರುವಿ, "ಗಾಳಿ ಯಾವ್ದಾದ್ರೆ ಎಂತ, ಲೀಕ್ ಗೊತ್ತಾದ್ರೆ ಆತು" ಎಂದಿದ್ದೆ. ಅಂದು ಏನೂ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಸತ್ಯ ತಿಳಿಯಿತು. ಅಂದಿನಿಂದ ನಾನು ಹಾಗೆ ಮಾಡಿಲ್ಲ. ಆದರೆ ಮಂಜುವನ್ನು ಕೂರಿಸಿ, "ನಾನು ಕಲಿಸಿದ್ದು ತಪ್ಪು" ಎಂದು ಹೇಳಲಿಲ್ಲ. ಹೇಳಲು ನಾಚಿಕೆ. ಆ ನಾಚಿಕೆಗೆ ಬೆಂಕಿ ಬೀಳಲಿ.

ಮತ್ತೆ ಮತ್ತೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಕಂಪ್ರೆಸರ್ ಇರುವ ತಾರಸಿಗೆ ಹತ್ತುವಾಗ ಫೋನನ್ನು ಸಾಮಾನಿನ ಚೀಲದಲ್ಲೇ ಬಿಡುವುದು ಅವನ ಅಭ್ಯಾಸ. ಹಾಲಿನ ಯಜಮಾನರಿಗೆ ಮಾಡಿದೆ, ಸ್ವಿಚ್ ಆಫ್. ಮ್ಯಾನೇಜರ್, ಸ್ವಿಚ್ ಆಫ್. ಆಗ ಹೊಳೆಯಿತು, ಶುಕ್ರವಾರ. ಎಲ್ಲರೂ ಜುಮ್ಮಾ ನಮಾಜಿಗೆ ಹೋಗಿದ್ದಾರೆ, ನಮ್ಮ ಇಬ್ಬರು ಸಹಾಯಕರೂ ಅಲ್ಲೇ. ಅಷ್ಟು ದೊಡ್ಡ ಕಟ್ಟಡದಲ್ಲಿ ಮಂಜು ಒಬ್ಬನೇ. ವಯರ್ ಕಟ್ಟಲು ಅವನಿಗೆ ಇಪ್ಪತ್ತು ನಿಮಿಷ ಸಾಕು, ಅದರಲ್ಲಿ ಆರು ಕಳೆದಿತ್ತು.

ಅಷ್ಟರಲ್ಲಿ ಲಲಿತೆಯ ಫೋನ್ ಬಂತು. "ಮಂಜು ಫೋನೇ ಎತ್ತೂದಿಲ್ಲ ಅಲ್ರಾ, ಎಂತ ಆತು ಅವ್ನಿಗೆ?" ಕಟ್ ಮಾಡಿದೆ.

ಕೊನೆಗೆ ನೆನಪಾದವನು ಭಟ್ಕಳದ ಲೈನ್‌ಮನ್ ಅಶೋಕ, ಹಳೆಯ ಪರಿಚಯ. ಆ ಹಾಲಿನ ಲೈನ್ ಈಗಿಂದೀಗ ತೆಗಿ ಎಂದೆ.

"ಪರ್ಮಿಶನ್ ಇಲ್ದೆ ಹೆಂಗೆ ತೆಗೂದು ಮಾರಾಯ್ರೆ? ನನ್ನ ಕೆಲ್ಸ ಹೋತದೆ."

"ಅಶೋಕಾ, ನನ್ನ ಹೆಂಡ್ತಿ ತಮ್ಮ ಸಾಯ್ತ. ನಿನ್ನ ಕಾಲಿಗೆ ಬೀಳ್ತೆ, ತೆಗಿ."

ಅವನು "ಆತು" ಎಂದ. ಐದು ನಿಮಿಷಕ್ಕೆ ಫೋನ್ ಬಂತು. "ಫ್ಯೂಸ್ ತೆಗ್ದೆ. ಆದ್ರೆ ಹಾಲಿಗೆ ಜನರೇಟರ್ ಉಂಟಲ್ರಾ?"

ಕರೆಂಟು ಹೋದರೆ ಮಂಜು ಸುಮ್ಮನೆ ಕೂರುವವನೇ? ಕೆಳಗಿಳಿದು ಜನರೇಟರ್ ಹಾಕಿಯೇ ಹಾಕುತ್ತಾನೆ. "ಓಡು ಅಶೋಕಾ, ಅವ್ನ ಕೈ ಹಿಡ್ಕೊ!" ಎಂದು ಅರಚಿದೆ. ಪಕ್ಕದ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು. ಆಮೇಲಿನ ಹನ್ನೊಂದು ನಿಮಿಷ ನಾನು ಸೇತುವೆಯ ಕಟ್ಟೆ ಹಿಡಿದು ನಿಂತಿದ್ದೆ. ಯಾವ ದೇವರಿಗೆ ಏನು ಹರಕೆ ಹೇಳಿಕೊಂಡೆನೋ ನೆನಪಿಲ್ಲ. ಲಲಿತೆಗೆ ಯಾವ ಮುಖದಲ್ಲಿ ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಫೋನ್ ರಿಂಗಾಯಿತು, ಮಂಜುವೇ. "ಎಂತ ಭಾವಾ ಇದು! ಜನರೇಟರ್ ಹಾಕುಕೆ ಹೋದ್ರೆ ಈ ಅಶೋಕ ಬಂದು ನನ್ನ ಅಪ್ಪಿ ಹಿಡ್ಕಂಡು ಬಿಡೂದೇ ಇಲ್ಲ!" ನಾನು ರಸ್ತೆಯಲ್ಲೇ ಕುಸಿದು ಕೂತು ಅತ್ತೆ.

ಮೂರು ಗಂಟೆಗೆ ತಲುಪಿದೆ. ಬೀಡಿ, ಬೆಂಕಿ ಯಾವುದೂ ಸುತ್ತ ಇಲ್ಲದಂತೆ ಮಾಡಿ ಆಕ್ಸಿಜನ್ನನ್ನು ಬಯಲಿಗೆ ನಿಧಾನವಾಗಿ ಬಿಟ್ಟು, ನೈಟ್ರೋಜನ್ ಹಾಯಿಸಿ ಪೈಪು ತೊಳೆದು, ಕಂಪ್ರೆಸರಿನ ಎಣ್ಣೆ ಬದಲಿಸಿದೆವು. ಮದುವೆಗೆ ಎಸಿ ಆಗಲಿಲ್ಲ. ಯಜಮಾನರ ಬೈಗುಳವನ್ನು ಅಷ್ಟು ಸಂತೋಷದಿಂದ ನಾನು ಎಂದೂ ತಿಂದಿಲ್ಲ. ಅದಾದ ಮೇಲೆ ಮಂಜುವನ್ನು ಕೂರಿಸಿ ಎಲ್ಲ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವನು ಮೆಲ್ಲಗೆ ಕೇಳಿದ: "ಭಾವಾ, ಇದನ್ನ ನಾನು ನಾಲ್ಕು ಜನಕ್ಕೆ ಕಲ್ಸಿದ್ದೆ. ಎಂತ ಮಾಡುದು?"

ಅಲ್ಲೇ ಕುಳಿತು ಫೋನ್ ಹಚ್ಚಿದೆವು. ಮೂವರು ಸಿಕ್ಕರು. ನಾಲ್ಕನೆಯವನು ಧಾರೇಶ್ವರದ ನಾಗೇಶ. ಅವನು ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಹಳ ಕಾಲವಾಗಿದೆ, ಎಲ್ಲಿದ್ದಾನೋ ಮನೆಯವರಿಗೂ ತಿಳಿಯದು. ಇವತ್ತಿಗೂ ಸಿಕ್ಕಿಲ್ಲ.

ಕಸುಬಿನಲ್ಲಿ ಪೆಟ್ಟು ಕೊಟ್ಟ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಪೆಟ್ಟು ಕೊಡದ ತಪ್ಪು ಪಾಠವಾಗಿ ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ಕಲಿಸಿದವನೇ ಬಾಯಿ ಬಿಟ್ಟು ಹಿಂದಕ್ಕೆ ಕರೆಯಬೇಕು. ಅದಕ್ಕೇ ಇದನ್ನು ಬರೆದೆ. ನಾಗೇಶಾ, ಇದು ನಿನ್ನ ಕಣ್ಣಿಗೆ ಬಿದ್ದರೆ, ಪೈಪಿಗೆ ಕಪ್ಪು ಸಿಲಿಂಡರ್ ಹಚ್ಚಬೇಡ ಮಾರಾಯ. ಒಂದು ಫೋನ್ ಮಾಡು.