ಕಲ್ಲುಚಪ್ಪಡಿಯ ಕೆಳಗಿನ ಬಡಿತ

ಇಂಥವನ್ನು ನಂಬುವವನಲ್ಲ ನಾನು. ಅಮೆರಿಕದ ಹೇವರ್ಡಿನಲ್ಲಿ ನನ್ನ ಜೊತೆ ಟೈಲ್ಸ್ ಹಾಕುವವರು ಊಟದ ಹೊತ್ತಿನಲ್ಲಿ ಖಾಲಿ ಮನೆಯ ಬಾಗಿಲು ತಾನಾಗಿ ತೆರೆದುಕೊಂಡಿತು, ಮಹಡಿಯಲ್ಲಿ ಯಾರೋ ಓಡಾಡಿದರು ಎಂದೆಲ್ಲ ಹೇಳಿದರೆ, "ಕೆಲಸ ಕಮ್ಮಿ ಇದ್ದೋರಿಗೆ ಹಿಂಗೇ ಕೇಳಿಸೋದು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನೀವು ನಂಬಲಿ ಎಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾನು ಮದ್ದೂರಿನ ಕಡೆಯವನು, ಓದಿದ್ದು ಎಂಟನೇ ಕ್ಲಾಸು. ಹೆಂಡತಿ ಪುಷ್ಪ ನರ್ಸು. ಅವಳ ಕೆಲಸದಿಂದಲೇ ನಾವು ಅಮೆರಿಕಕ್ಕೆ ಬಂದದ್ದು. ಇಲ್ಲಿ ನಮ್ಮವರ ಮನೆಗೆ ಹೋದರೆ ಎಲ್ಲರೂ ಇಂಜಿನಿಯರು, ಡಾಕ್ಟರು. "ನೀವು ಯಾವ ಕಂಪನಿ?" ಎಂದು ಕೇಳುತ್ತಾರೆ. "ನಂದೇ ಕಂಪನಿ, ನೆಲ ಹಾಕ್ತೀನಿ" ಎನ್ನುತ್ತೇನೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಸರಟೋಗಾದ ದೊಡ್ಡ ಮನೆಗಳಲ್ಲಿ ನಾನು ಹಾಕಿದ ನೆಲದ ಮೇಲೆ ಗೋಲಿ ಇಡಿ, ಇಟ್ಟಲ್ಲೇ ನಿಲ್ಲುತ್ತದೆ.

ನಮ್ಮ ಕೆಲಸದವರಿಗೆ ಒಂದು ಅಭ್ಯಾಸ. ನೆಲ ಕಂಡರೆ ಕುಕ್ಕರಗಾಲಿನಲ್ಲಿ ಕೂತು ಬೆರಳ ಗಿಣ್ಣಿನಿಂದ ಬಡಿದು ನೋಡುತ್ತೇವೆ. ಕೆಳಗೆ ಸಿಮೆಂಟು ಸರಿಯಾಗಿ ಕೂತಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಪೊಳ್ಳು.

ಮೂರು ವರ್ಷದ ಹಿಂದೆ, ಮಗಳು ಮೇಘನಾಗೆ ಹದಿನಾರಾಗಿದ್ದಾಗ, ಊರಿಂದ ವಾಪಸು ಬರುವ ದಾರಿಯಲ್ಲಿ ಪ್ರಾಗ್ ನಗರ ನೋಡಿಕೊಂಡೇ ಹೋಗಬೇಕೆಂದು ಹಟ ಹಿಡಿದಳು. ಸಿಕ್ಕಿದ್ದು ಒಂದೇ ದಿನ. ಬೆಳಿಗ್ಗೆ ಕೋಟೆ, ಸೇತುವೆ, ಗಡಿಯಾರದ ಗೋಪುರ ಎಂದು ನಡೆದದ್ದೇ ನಡೆದದ್ದು. ನನ್ನ ಕಣ್ಣೆಲ್ಲ ಅಲ್ಲಿನ ಪಾದಚಾರಿ ದಾರಿಯ ಮೇಲೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಚಿತ್ತಾರ ಮಾಡಿದ್ದಾರೆ. "ರೀ, ತಲೆ ಎತ್ತಿ. ಗೋಪುರ ಮೇಲಿರೋದು" ಎಂದು ಪುಷ್ಪ ಅಣಕಿಸಿದಳು. "ಗೋಪುರನ ಎಲ್ಲರೂ ನೋಡ್ತಾರೆ" ಎಂದೆ.

ಮಧ್ಯಾಹ್ನ ನೆಲದಡಿಯ ಹಳೆಯ ಕೋಣೆಗಳನ್ನು ನೋಡಲು ಹೋದೆವು. ಹಿಂದೆ ನದಿ ಉಕ್ಕಿ ಊರೊಳಗೆ ನುಗ್ಗುತ್ತಿತ್ತಂತೆ. ಅದಕ್ಕೆ ಮಣ್ಣು ತುಂಬಿ ಬೀದಿಯನ್ನೇ ಎತ್ತರಿಸಿದರಂತೆ. ಜನ ವಾಸವಿದ್ದ ಮನೆಗಳು ನೆಲಮಾಳಿಗೆಗಳಾಗಿ ಉಳಿದವಂತೆ. ತೋರಿಸುವವಳು ಒಬ್ಬ ಎತ್ತರದ ಯುವತಿ. ನಾವು ಮೂವರು ಸೇರಿ ಹತ್ತು ಹನ್ನೆರಡು ಜನ ಅವಳ ಹಿಂದೆ ಇಳಿದೆವು. ಒಳಗೆ ಚಳಿ, ಹಸಿ ಮಣ್ಣಿನ ವಾಸನೆ.

ಕೊನೆಯ ಕೋಣೆಗೆ ಕಲ್ಲುಚಪ್ಪಡಿ ಹಾಸಿತ್ತು. ಆಕೆ ಗೋಡೆ ತೋರಿಸುತ್ತಿದ್ದಳು. ನಾನು ಹಿಂದೆ ಉಳಿದು, ಮೂಲೆಯ ಚಪ್ಪಡಿಯ ಪಕ್ಕ ಕೂತು ಮೂರು ಸಲ ಬಡಿದೆ. ಪೊಳ್ಳು. ಏಳಬೇಕು ಅನ್ನುವಷ್ಟರಲ್ಲಿ ಕೆಳಗಿನಿಂದ ಮೂರು ಬಡಿತ ಬಂತು.

ಪೈಪಿರಬೇಕು ಅಂದುಕೊಂಡೆ. ಎರಡು ಬಡಿದೆ. ಸ್ವಲ್ಪ ತಡೆದು ಎರಡು ಬಂತು. ಐದು ಬಡಿದೆ. ಐದೇ ಬಂತು, ಕೊನೆಯದು ಮಾತ್ರ ಬಹಳ ಮೆಲ್ಲಗೆ, ಕೈ ಸೋತವರ ಹಾಗೆ. ಪೈಪಿಗೆ ಎಣಿಸಲು ಬರುವುದಿಲ್ಲ. ಕೈಯನ್ನು ಕಲ್ಲಿನ ಮೇಲಿಟ್ಟಾಗ ಆ ಬಡಿತ ಅಂಗೈಗೆ ತಾಗಿತ್ತು. ಯಾರೋ ಜೀವಂತ ಇದ್ದಾರೆ, ಬೇಗ ತೆಗೆಯದಿದ್ದರೆ ಸಾಯುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಆತುರದಲ್ಲಿ ನನಗೆ ಇಂಗ್ಲಿಷು ಬರುವುದಿಲ್ಲ. ಮಗಳನ್ನು ಕರೆದೆ. "ಈ ಕಲ್ಲಿನ ಕೆಳಗೆ ಯಾರೋ ಸಿಕ್ಕೊಂಡಿದಾರೆ. ಬಡೀತಾವ್ರೆ. ಅವಳಿಗೆ ಹೇಳು."

"ಅಪ್ಪ, ಪ್ಲೀಸ್. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಹೇಳು ಮೊದ್ಲು."

ಅವಳು ಹೇಳಿದ್ದು ಬೇರೆ: ನಮ್ಮ ತಂದೆ ಟೈಲ್ಸ್ ಕೆಲಸದವರು, ಈ ಕಲ್ಲಿನ ಕೆಳಗೆ ಏನಿದೆ ಎಂದು ಕೇಳುತ್ತಿದ್ದಾರೆ. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ. ನನ್ನ ಹರಕು ಇಂಗ್ಲಿಷಿನಲ್ಲೇ ನಾನೇ ಹೇಳಿದೆ. ಆ ಯುವತಿ ನಗುತ್ತ, ಇದಕ್ಕಿಂತ ಕೆಳಗೆ ಕೋಣೆಯಿಲ್ಲ, ಬರೀ ಮಣ್ಣು ಎಂದಳು. ಬೇಕಾದರೆ ಬಡಿದು ತೋರಿಸಿ ಎಂದು ಪಕ್ಕಕ್ಕೆ ಸರಿದು ನಿಂತಳು.

ಎಲ್ಲರ ಎದುರು ಕೂತು ಬಡಿದೆ. ಕೆಳಗಿನಿಂದ ಸದ್ದಿಲ್ಲ. ಇನ್ನೊಮ್ಮೆ ಬಡಿದೆ. ಯಾರೋ ಹಿಂದೆ ಏನೋ ಅಂದರು, ನಾಲ್ಕೈದು ಜನ ನಕ್ಕರು. ಪುಷ್ಪ ನನ್ನ ತೋಳು ಹಿಡಿದು, "ಏಳಿ, ಬೆಳಿಗ್ಗೆಯಿಂದ ನೆಟ್ಟಗೆ ಊಟ ಮಾಡಿಲ್ಲ ನೀವು" ಎಂದಳು. ಮೇಘನಾ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಮೊಣಕಾಲಿನ ಧೂಳು ಒರೆಸಿಕೊಂಡು ಎದ್ದೆ.

ಸಾಲಿನಲ್ಲಿ ಕೊನೆಯವನು ನಾನು, ನನ್ನ ಮುಂದೆ ಮಗಳು. ಆ ಯುವತಿ ಮುಂದಿನಿಂದಲೇ ನಾವು ದಾಟಿಬಂದ ಒಂದೊಂದು ಕೋಣೆಯ ದೀಪ ಆರಿಸುತ್ತಿದ್ದಳು. ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನ ಕತ್ತಲಿನಿಂದ ಅದು ಮತ್ತೆ ಕೇಳಿಸಿತು. ಈ ಸಲ ಎಣಿಕೆಯಿರಲಿಲ್ಲ. ಎರಡೂ ಅಂಗೈಯಲ್ಲಿ ಬಾಗಿಲು ಬಡಿಯುವ ಹಾಗೆ, ಬಿಡದೆ, ಹೋಗಬೇಡಿ ಎನ್ನುವ ಹಾಗೆ.

ನಾನು ನಿಲ್ಲಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಇನ್ನೊಂದು ಸಲ ಆ ನಗು ಕೇಳುವ ಧೈರ್ಯ ನನಗಿರಲಿಲ್ಲ. ಹತ್ತಿ ಬಂದುಬಿಟ್ಟೆ. ಮೇಲೆ ಬಿಸಿಲಿತ್ತು, ಯಾರೋ ಪಿಟೀಲು ಬಾರಿಸುತ್ತಿದ್ದರು. ಪುಷ್ಪ ಸಕ್ಕರೆ ಸವರಿದ ಬಿಸಿ ತಿಂಡಿ ತಂದುಕೊಟ್ಟಳು. ತಿಂದೆ.

ಮನೆಗೆ ಬಂದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಭ್ರಮೆ, ನಿದ್ದೆಗೇಡು ಎಂದು ನನಗೆ ನಾನೇ ಹೇಳಿಕೊಂಡು ಸುಮಾರು ದಿನ ತಳ್ಳಿದೆ. ಹಾಗೆ ಅಂದುಕೊಳ್ಳುವುದೇ ನೆಮ್ಮದಿ.

ಮೊನ್ನೆ ಚಳಿಗಾಲದಲ್ಲಿ ಮೇಘನಾಳನ್ನು ಕಾಲೇಜಿಗೆ ಬಿಡಲು ಹೋಗುತ್ತಿದ್ದೆ. ಫ್ರೀವೇಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ಅವಳು ಫೋನು ಕೆಳಗಿಟ್ಟು, ನನ್ನ ಕಡೆ ನೋಡದೆ ಅಂದಳು: "ಅಪ್ಪ, ಪ್ರಾಗ್‌ನಲ್ಲಿ, ಆ ಬೇಸ್‌ಮೆಂಟು. ಸ್ಟೆಪ್ಸ್ ಹತ್ತುವಾಗ ನಂಗೂ ಕೇಳಿಸ್ತು."

ನಾನು ಅವಳ ಕಡೆ ತಿರುಗಿದೆ. "ಮತ್ಯಾಕೆ ಹೇಳಲಿಲ್ಲ ನೀನು?"

"ನೀನ್ಯಾಕೆ ಹೇಳಲಿಲ್ಲ?"

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಮುಂದೆ ದಾರಿ ತೆರೆದಿತ್ತು. ನಾನು ಗಾಡಿ ಬಿಟ್ಟೆ. ಕೆಳಗೆ ಇದ್ದದ್ದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಮನುಷ್ಯನಾಗಿರಲಿಲ್ಲ ಎಂದು ಯಾರಾದರೂ ನನಗೆ ಖಚಿತವಾಗಿ ಹೇಳಿದರೆ ಸಾಕು.