ವೈನಿಯ ಹಾಡು, ಅಣ್ಣ ಎಳೆದ ಕೌದಿ

ನಿನ್ನೆ ಇಳಿಹೊತ್ತಿನಲ್ಲಿ, ಬಿಸಿಲಿಗೆ ಹಾಕಿದ್ದ ಕೌದಿಗಳನ್ನು ಎತ್ತುತ್ತಿದ್ದೆ. ಒಂದರ ಮಡಿಕೆಯಿಂದ ಒಣದ್ರಾಕ್ಷಿಯ ವಾಸನೆ ಬಂತು. ಹಳೆ ಸೀರೆ ಸೇರಿಸಿ ಹೊಲಿದ, ಮೂಲೆ ಹರಿದ ಕೌದಿ. ನೀವು ನಕ್ಕರೂ ಚಿಂತೆಯಿಲ್ಲ, ನಮ್ಮ ಮನೆಯ ಸಿನಿಮಾ ಕಂಪನಿಗಿರುವ ಆಸ್ತಿ ಇದೊಂದೇ.

ಕಂಪನಿ ಹುಟ್ಟಿದ್ದು ವೈನಿಯಿಂದ, ಅಂದರೆ ನನ್ನ ಅಣ್ಣನ ಹೆಂಡತಿಯಿಂದ. ಕಳೆ ತೆಗೆಯುತ್ತ ಅವರು ಹಾಡಿದರೆ ಪಕ್ಕದ ಹೊಲದವರು ಬದುವಿಗೆ ಬಂದು ನಿಲ್ಲುತ್ತಿದ್ದರು. ಬದುವಿನಾಚೆ ಮಾತ್ರ ಆ ದನಿ ಹೋಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಿಪ್ಪಾಣಿಯಲ್ಲಿ ಹಾಡಿನ ಮೇಳ ನಡೆಸುವವರು, ವಿಡಿಯೊ ನೋಡಿ ಹಾಡುಗಾರರನ್ನು ಆರಿಸುತ್ತೇವೆ ಎಂದರು. ವೈನಿ ಮೆಲ್ಲಗೆ ಹೇಳಿದರು: "ತಮ್ಮಾ, ಒಮ್ಮೆರ ಮೈಕಿನ ಮುಂದ ನಿಂದರಬೇಕು ನೋಡ."

ನಾನೋ ಮೊಬೈಲಿನಲ್ಲೇ ಪಾಠ ನೋಡಿ ಅರ್ಧ ನಿರ್ದೇಶಕನಾದವನು. ಬೆಳಕು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಮಟಮಟ ಮಧ್ಯಾಹ್ನ ಮಾಳಿಗೆಯ ಮೇಲೆ ಹಾಡಿಸಿದೆ. ನೋಡಿದರೆ ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಗುಂಡಿ.

"ಇಕಿ ನಾ ಅಲ್ಲೋ ಮಾರಾಯಾ, ಆಧಾರ್ ಕಾರ್ಡಿನ್ಯಾಗಿನಕಿ!" ಎಂದು ವೈನಿ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಬಿಡು, ನಮ್ಮ ಮಾರೀನ ಹಂಗೈತಿ."

ಆ ಮಾತು ಎದೆಯಲ್ಲಿ ಕೂತಿತು. ಸಂಜೆ ನಮ್ಮ ಒಣದ್ರಾಕ್ಷಿಯ ಶೆಡ್ಡಿಗೆ ಹೋದೆ. ಅಥಣಿ ಕಡೆ ಓಡಾಡಿದ್ದರೆ ನೀವೂ ಕಂಡಿರುತ್ತೀರಿ: ಸುತ್ತ ಹಸಿರು ಬಲೆ, ಒಳಗೆ ಸಾಲುಸಾಲು ಜಾಲರಿ ಅಟ್ಟ, ಕೆಳಗೆ ನುಣ್ಣನೆಯ ಸಿಮೆಂಟು ನೆಲ. ಬಿಸಿಲು ಬಲೆಯಲ್ಲಿ ಸೋಸಿ ಬರುತ್ತಿತ್ತು. ವೈನಿಯನ್ನು ಕೂರಿಸಿದೆ, ಮುಖ ಗಿಳಿಯ ಹಾಗೆ ಹಸಿರಾಯಿತು. ಓಡಿಹೋಗಿ ಅಪ್ಪನ ಬಿಳಿ ಧೋತರ ತಂದು ಬಲೆಗೆ ಕಟ್ಟಿದೆ. ಏನು ಹೇಳಲಿ, ಬೆಳಕು ಹಾಲಾಯಿತು! ಒಂದು ಕೆನ್ನೆಗೆ ಹೊಳಪು, ಇನ್ನೊಂದಕ್ಕೆ ತೆಳು ನೆರಳು. ಬೆನ್ನ ಹಿಂದೆ ಅಟ್ಟಗಳ ಸಾಲು ಕತ್ತಲಲ್ಲಿ ಕರಗಿತ್ತು.

ಇನ್ನು ಕ್ಯಾಮೆರಾ ಮೆಲ್ಲಗೆ ಮುಂದೆ ಸರಿಯಬೇಕು. ದೊಡ್ಡ ಸಿನಿಮಾದವರು ಇದಕ್ಕೆಂದೇ ಹಳಿ ಹಾಸುತ್ತಾರಂತೆ. ನಾನು ಕೌದಿ ಹಾಸಿದೆ, ಮೊಬೈಲನ್ನು ಎದೆಗೆ ಒತ್ತಿಕೊಂಡು ಅದರ ಮೇಲೆ ಕುಳಿತೆ, ಎಳೆಯಲು ಅಣ್ಣನನ್ನು ಕರೆದೆ.

"ಎತ್ತು ಹೋಗಿ ನಾ ಬೇಕಾದ್ನೇನಲೇ ನಿನಗ?"

"ವೈನಿ ಸಲುವಾಗಿ ಅಣ್ಣಾ. ಸಾವಕಾಶ ಎಳಿ."

ಅಣ್ಣ ಆ ಬೆಳಕಿನಲ್ಲಿ ವೈನಿಯನ್ನೊಮ್ಮೆ ನೋಡಿದ. ಮದುವೆಯಾದ ಮೇಲೆ ಅಷ್ಟು ಹೊತ್ತು ನೋಡಿದ್ದು ಅವತ್ತೇ ಇರಬೇಕು. ಕೌದಿಯ ಮೂಲೆ ಹಿಡಿದ.

ಹಾಡು ಮುಗಿಯುವುದಕ್ಕೂ ಮೂಲೆ ಪರ್ರೆಂದು ಹರಿಯುವುದಕ್ಕೂ ಸರಿಹೋಯಿತು. ಅಣ್ಣ ಎತ್ತು ನಿಲ್ಲಿಸುವ ರೂಢಿಯಂತೆ "ಹೋ... ಹೋ..." ಎಂದು ತನ್ನನ್ನು ತಾನೇ ನಿಲ್ಲಿಸಿಕೊಂಡ. ಅದೂ ವಿಡಿಯೊದಲ್ಲಿ ಬಂತು. ಕತ್ತರಿಸಹೊರಟರೆ ವೈನಿ ಕೈ ಹಿಡಿದರು. "ಇರಲಿ ಬಿಡು. ನನ್ನ ಹಾಡಿಗಿ ಅವರು ಓಗೊಟ್ಟಿದ್ದು ಇದ ಮೊದಲ."

ನಿಪ್ಪಾಣಿಯಿಂದ ಕರೆ ಬಂತು. ಅಲ್ಲಿ ಆ ವಿಡಿಯೊವನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಕೊನೆಯ "ಹೋ"ಗೆ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ವೈನಿ ಮೈಕಿನ ಮುಂದೆ ನಿಂತು ಹಾಡಿದರು, ಒಬ್ಬರೂ ಮಿಸುಕಲಿಲ್ಲ. ಚಪ್ಪಾಳೆಯ ನಡುವೆ ಅಣ್ಣ ಪಕ್ಕದವರಿಗೆ ಹೇಳುತ್ತಿದ್ದ: "ಕ್ಯಾಮೆರಾ ಎಳದಾಂವ ನಾನ ರೀ!"

ನಿನ್ನೆ ಆ ಮೂಲೆ ಹೊಲಿಯೋಣವೆಂದು ಸೂಜಿ ತರಲು ಒಳಗೆ ಹೋಗಿ ಬಂದರೆ ಅಂಗಳದಲ್ಲಿ ಕೌದಿಯೇ ಇಲ್ಲ. ಶೆಡ್ಡಿನಿಂದ ವೈನಿಯ ದನಿ, ಹೊಸ ಹಾಡು. ಹೋಗಿ ನೋಡುತ್ತೇನೆ: ಧೋತರ ಕಟ್ಟಿಯಾಗಿದೆ. ಹರಿದ ಮೂಲೆಗೆ ಎತ್ತಿನ ಹಗ್ಗ ಬಿಗಿದು ಅಣ್ಣ ಸಜ್ಜಾಗಿ ನಿಂತಿದ್ದಾನೆ.

"ಬೆಳಕ ಹೊಂಟೈತಿ, ಲಗೂನ ಕುಂಡ್ರಲೇ!"

ನಿರ್ದೇಶಕ ಯಾರೆಂದು ನನಗೆ ತಿಳಿಯಿತು. ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಕುಳಿತೆ.