ಒಂದೇ ದೋಣಿಗೆ ಎರಡು ತಾರೀಕು

ಬೆಳಿಗ್ಗೆ ಐದೂಕಾಲು. ಎರಡು ದೇಶಗಳ ನಡುವಿನ ನದಿಯ ಮೇಲೆ ಮಂಜು ಇನ್ನೂ ಕರಗಿಲ್ಲ. ದೋಣಿಕಟ್ಟೆಯ ಆಗಮನ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ತಾರೀಕಿನ ನಾಲ್ಕು ಠಸ್ಸೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಾರೆ, ಉಗುರು ಕತ್ತರಿಸಲು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡ ಹಾಗೆ. ಒಂದೊಂದನ್ನೇ ಎತ್ತಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ನಿನ್ನೆಯ ಮಸಿ ತೆಗೆದು, ಕಿರುಬೆರಳಿನ ಉಗುರಿನಿಂದ ಅಂಕಿಯ ಚಕ್ರವನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತಾರೆ. ಆರು ಹೋಗಿ ಏಳು ಬರುತ್ತದೆ. ಬಿಳಿ ಹಾಳೆಯ ಮೇಲೆ ಠಕ್ ಅಂತ ಒತ್ತಿ, ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ನಾಲ್ಕೂ ಮುದ್ರೆ ಒತ್ತಿದ ಮೇಲೆ ಕೆಳಗೆ ಸಹಿ.

ಇವತ್ತು ಭಾನುವಾರ. ಲೆಕ್ಕಕ್ಕೆ ಇವರಿಗೆ ರಜೆ. ಹೀಗೆ ಬಂದು ಕೂರುವ ಅಗತ್ಯವೇ ಇಲ್ಲ. ಮನೆಯಲ್ಲಿ ಅಕ್ಕನ ಜೊತೆ ಅಮ್ಮನ ಟ್ರಂಕು ತೆಗೆದು ಕೂತಿರಬೇಕಿತ್ತು. ಆದರೆ ಅಕ್ಕ ನಿನ್ನೆಯೇ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿದ್ದಾರೆ. ಟ್ರಂಕಿನ ಬೀಗ ಹಾಗೇ ಇದೆ. ಅಕ್ಕ ಒಂದು ದಿನ ಮೊದಲೇ ಹೋಗುವ ಹಾಗೆ ಮಾಡಿದ್ದು ಇದೇ ಕೈ, ಇಂಥದೇ ಒಂದು ಹಾಳೆ.

ಕಚೇರಿಯವರೆಲ್ಲ ಇವರನ್ನು ತಾರೀಕಮ್ಮ ಅಂತಲೇ ಕರೆಯುವುದು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ವಯಸ್ಸು ಐವತ್ತೇಳು. ಕೆಲಸ ಕೇಳಿದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: “ಹೊರಗಿನಿಂದ ಬಂದೋರು ಯಾವತ್ತು ಬಂದ್ರು ಅನ್ನೋದ್ರಲ್ಲಿ ಜಗಳ ಬಂದ್ರೆ, ಬಿಡಿಸೋದು ನಾನು.”

ಜಗಳಕ್ಕೇನೂ ಕೊರತೆಯಿಲ್ಲ. ದಿನಕ್ಕೆ ಆರು ದೋಣಿ, ಸುಮಾರು ಮುನ್ನೂರೈವತ್ತು ಜನ. ಪ್ರತಿಯೊಬ್ಬರಿಗೂ ಮೂರು ಸಾಕ್ಷಿ: ಪಾಸ್‌ಪೋರ್ಟಿನ ಮೇಲೆ ಬಿದ್ದ ಮುದ್ರೆ, ಅವರೇ ತುಂಬಿದ ಆಗಮನದ ಚೀಟಿ, ಆ ಚೀಟಿ ನೋಡಿ ಕಂಪ್ಯೂಟರಿಗೆ ಹೊಡೆದ ದಾಖಲೆ. ಮೂರೂ ಒಂದೇ ಮಾತು ಹೇಳಿದರೆ ಸರಿ. ದಿನಕ್ಕೆ ಮೂರೋ ನಾಲ್ಕೋ ಜನರವು ಹಾಗೆ ಹೇಳುವುದಿಲ್ಲ. ಚೀಟಿಯಲ್ಲಿ ಬಂದ ದಿನ ಬರೆಯಿರಿ ಅಂದರೆ ಹುಟ್ಟಿದ ದಿನ ಬರೆದವರಿದ್ದಾರೆ. “ಒಬ್ಬರು ಮದುವೆ ದಿನ ಬರೆದಿದ್ರು. ಯಾಕ್ರೀ ಅಂದ್ರೆ, ಹೆಂಡ್ತಿ ಪಕ್ಕದಲ್ಲೇ ನಿಂತಿದ್ಲು, ಭಯಕ್ಕೆ ಅದೇ ನೆನಪಾಯ್ತು ಅಂದ್ರು!” ಹೇಳಿ ತಾವೇ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ನಗೆಯಲ್ಲಿ ಮುಗಿಯದವೂ ಇವೆ. ಭೇಟಿಗೆ ಬಂದವರಿಗೆ ಇಲ್ಲಿ ಮೂವತ್ತೇ ದಿನ, ಬಂದ ದಿನವೂ ಸೇರಿ. ಒಂದು ದಿನ ಹೆಚ್ಚಾದರೂ ಎರಡು ವರ್ಷ ಮತ್ತೆ ಕಾಲಿಡುವ ಹಾಗಿಲ್ಲ. ಕಳೆದ ವರ್ಷ ಮೊಮ್ಮಗುವನ್ನು ನೋಡಲು ಬಂದಿದ್ದ ಒಬ್ಬ ಅಜ್ಜನನ್ನು, ಐದು ದಿನ ಹೆಚ್ಚು ಇದ್ದೀರಿ ಅಂತ ವಾಪಸು ಹೋಗುವಾಗ ಪಕ್ಕಕ್ಕೆ ನಿಲ್ಲಿಸಿದ್ದರು. ಮುದ್ರೆಯಲ್ಲಿ ಮೂರನೇ ತಾರೀಕಿತ್ತು. ಅಜ್ಜ ಎಂಟಕ್ಕೆ ಬಂದೆ ಅನ್ನುತ್ತಾರೆ. ತಾರೀಕಮ್ಮ ಆ ದಿನದ ಹಾಳೆ ತಂದು ಮುಂದಿಟ್ಟರು. “ಎರಡನೇ ಕೌಂಟರ್ ಠಸ್ಸೆಯ ಎಂಟಕ್ಕೆ ಎಡಗಡೆ ಹೊಟ್ಟೆ ಒಡೆದಿತ್ತು. ಮಸಿ ಕಮ್ಮಿಯಾದ್ರೆ ಮೂರೇ ಅನ್ಸುತ್ತೆ. ನಂಗೆ ಅದರ ಕಾಯಿಲೆ ಗೊತ್ತಲ್ಲ!” ಅಜ್ಜ ಹೋಗುವಾಗ ದೋಣಿಯಿಂದ ಟೋಪಿ ತೆಗೆದು ಬೀಸಿದರಂತೆ.

ಈ ಹಾಳೆಗಳನ್ನು ಇಡು ಅಂತ ಯಾವ ನಿಯಮವೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಇವರು ಇಲ್ಲಿ ಕಸ ಗುಡಿಸುತ್ತಿದ್ದರು. ಬೆಳಿಗ್ಗೆ ಅಧಿಕಾರಿಗಳು ಠಸ್ಸೆ ಸರಿಯಿದೆಯಾ ಅಂತ ಯಾವುದೋ ರದ್ದಿ ಕಾಗದಕ್ಕೆ ಒತ್ತಿ, ಮುದ್ದೆ ಮಾಡಿ ಎಸೆಯುತ್ತಿದ್ದರು. ಗುಡಿಸಿ ಬುಟ್ಟಿಗೆ ಹಾಕುವುದು ಇವರ ಕೆಲಸ. ಹೀಗಿರುವಾಗ ಅಕ್ಕನಿಗೆ ಮೂವತ್ತನಾಲ್ಕರಲ್ಲಿ, ಎಲ್ಲರೂ ಇನ್ನು ಆಗೋದಲ್ಲ ಅಂತ ಕೈಬಿಟ್ಟ ಮೇಲೆ, ಆಚೆ ದಡದ ಸೈಕಲ್ ರಿಪೇರಿಯವರ ಜೊತೆ ಮದುವೆಯಾಯಿತು. ಅಕ್ಕ ದೋಣಿ ಹತ್ತಿದ ದಿನ ಗುಡಿಸುವಾಗ ಆ ಮುದ್ದೆ ಕಾಗದ ಪೊರಕೆಗೆ ಸಿಕ್ಕಿತು.

“ಬಿಡಿಸಿ ನೋಡಿದ್ರೆ ಅಕ್ಕನ ಪಾಸ್‌ಪೋರ್ಟಿಗೆ ಬಿದ್ದಿದ್ದ ಮುದ್ರೆಯೇ. ಅದೇ ತಾರೀಕು, ಅದೇ ಮಸಿ. ಎಸೆಯೋಕೆ ಮನಸ್ಸು ಬರ್ಲಿಲ್ಲ. ರವಿಕೆಯೊಳಗೆ ಇಟ್ಕೊಂಡು ಮನೆಗೆ ಹೋದೆ. ಮಾರನೇ ದಿನದ್ದೂ ತಗೊಂಡೆ. ಅಕ್ಕ ಹೋಗಿ ಒಂದು ದಿನ, ಎರಡು ದಿನ... ಹಂಗೇ ಎಣಿಸ್ತಾ ಹೋದೆ.”

ಹೀಗೆ ಎಣಿಸುತ್ತ ನಾಲ್ಕು ವರ್ಷ ಕಳೆದಿತ್ತು. ಒಂದು ದಿನ ಯಾರದೋ ತಾರೀಕಿನ ತಕರಾರು ಎದ್ದು ಅಧಿಕಾರಿಗಳು ತಲೆ ಕೆರೆದುಕೊಳ್ಳುತ್ತಿದ್ದಾಗ, ಪೊರಕೆ ಹಿಡಿದವಳು ಬಾಗಿಲಲ್ಲಿ ನಿಂತು, “ಆ ದಿನದ ಮುದ್ರೆ ನಮ್ಮ ಮನೇಲಿದೆ ಸಾರ್,” ಅಂದಳು. ಮೊದಲು ಬೈದರು, ಆಮೇಲೆ ತರಿಸಿದರು, ಆಮೇಲೆ ಮೆಟ್ಟಿಲ ಕೆಳಗಿನ ಒಂದು ಕೋಣೆ ಕೊಟ್ಟರು. ಕಿಟಕಿಯಿಲ್ಲ, ಗೋಡೆಗೆ ತೇವ. ಕೆಲಸ ಕಾಯಂ ಆಗಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು. ಈಗ ಅಲ್ಲಿ ಒಂಬತ್ತು ಸಾವಿರದ ಎಂಟುನೂರು ಚಿಲ್ಲರೆ ಹಾಳೆಗಳಿವೆ. ರಜೆಯ ದಿನದ್ದನ್ನು ಮೊದಲೇ ಹೇಳಿ ಬೇರೆಯವರಿಂದ ಒತ್ತಿಸುತ್ತಾರೆ. ಹಾಗೆ ಹೇಳಲಾಗದ ಹದಿನಾಲ್ಕು ಮಾತ್ರ ಇಲ್ಲ: ಹನ್ನೊಂದು ದಿನ ವಿಷಮಜ್ವರ, ಮೂರು ದಿನ ಅಮ್ಮ ತೀರಿಕೊಂಡದ್ದು.

ಮೊದಮೊದಲು ಪಾಸ್‌ಪೋರ್ಟಿಗೆ ಕಾಸಿರಲಿಲ್ಲ, ಆಮೇಲೆ ಅಮ್ಮ ಒಂಬತ್ತು ವರ್ಷ ಹಾಸಿಗೆ ಹಿಡಿದರು. ಹಾಗಾಗಿ ತಂಗಿ ಒಮ್ಮೆಯೂ ಆಚೆ ದಡಕ್ಕೆ ಹೋಗಲಿಲ್ಲ, ಮದುವೆಯಾಗಿ ಆಚೆ ದೇಶದವರಾದ ಅಕ್ಕನೇ ವರ್ಷಕ್ಕೊಮ್ಮೆ ಮೂವತ್ತು ದಿನಕ್ಕೆ ಬರುವುದು ರೂಢಿಯಾಯಿತು. ಅಮ್ಮ ಹೋಗಿ ಎರಡು ವರ್ಷವಾದರೂ ಟ್ರಂಕು ತೆಗೆದಿಲ್ಲ. ಇಬ್ಬರೂ ಕೂತೇ ತೆಗೆಯಬೇಕು ಅಂತ ಮಾತಾಗಿತ್ತು. ಈ ಸಲ ಅಕ್ಕ ಬಂದಾಗ ಅವರ ಎರಡೂ ಮೊಣಕಾಲು ಊದಿತ್ತು. ದೋಣಿಯಿಂದ ಇಳಿಸುವ ಹಲಗೆ ದಾಟಿಸಲು ಇಬ್ಬರು ಹಿಡಿಯಬೇಕಾಯಿತು. ಇನ್ನು ದೋಣಿ ಬೇಡ ಅಂದಿದ್ದಾರಂತೆ ಡಾಕ್ಟರು. ಇದೇ ಕೊನೇ ಸಲ ಅಂತ ಇಬ್ಬರಿಗೂ ಗೊತ್ತಿತ್ತು.

ಬಂದ ವೇಳೆಯೂ ಸರಿಯಿರಲಿಲ್ಲ. ಮೇಲಿನ ಕಚೇರಿಯಿಂದ ತನಿಖೆ, ಹಳೇ ಹಾಳೆಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಏರಿಸಬೇಕು, ತಿಂಗಳಿಡೀ ಯಾರಿಗೂ ರಜೆಯಿಲ್ಲ. ಸಿಗುವ ಮೊದಲ ರಜೆ ಅಂದರೆ ಇವತ್ತು, ಏಳನೇ ತಾರೀಕು. ಅಕ್ಕ ಪಾಸ್‌ಪೋರ್ಟು ನೋಡಿ ಬೆರಳು ಮಡಚಿ ಎಣಿಸಿದರು: ಒಂಬತ್ತಕ್ಕೆ ಬಂದದ್ದು, ಹೋದ ತಿಂಗಳಿಗೆ ಮೂವತ್ತೊಂದು ದಿನ, ಏಳರ ತನಕ ಇರಬಹುದು.

ಇವರ ಬಗ್ಗೆ ಬರೆಯಲು ನಾನು ಹೋದ ವಾರ ಮನೆಗೆ ಹೋದಾಗ ಅಕ್ಕ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದರು. “ನಾನು ಬಂದಿರೋದು ತಂಗಿ ಮನೆಗೋ, ಅವಳ ಬೀಗ ಕಾಯೋಕೋ? ಬೆಳಿಗ್ಗೆ ಹೋದ್ರೆ ಸಂಜೆ ಬರ್ತಾಳೆ, ಉಂಡು ಮಲಗ್ತಾಳೆ. ಗೊರಕೆ ಬೇರೆ!” ಅಂತ ದೂರು. ಒಳಗಿನಿಂದ ತಂಗಿ, “ಗೊರಕೆ ನಿಂದೇ ಕಣೇ, ಆಚೆ ದಡಕ್ಕೂ ಕೇಳ್ಸುತ್ತೆ. ಭಾವ ನೆಮ್ಮದಿಯಾಗಿ ಮಲಗಿರೋದು ಈ ತಿಂಗಳೇ,” ಅಂದರು. ಹಾಗಾದರೆ ಟ್ರಂಕನ್ನು ಒಂದು ಸಂಜೆ ತೆಗೆದುಬಿಡಬಹುದಲ್ಲ ಅಂತ ನಾನು ಅಂದದ್ದಕ್ಕೆ ಅಕ್ಕ ತಲೆಯಾಡಿಸಿದರು. “ಅದು ಒಂದು ಗಂಟೆ ಕೆಲಸ ಅಲ್ಲಪ್ಪಾ. ಒಂದೊಂದೇ ತೆಗೀಬೇಕು, ಇದು ನಂದು ಅದು ನಿಂದು ಅಂತ ಜಗಳ ಆಡ್ಬೇಕು, ಅಳ್ಬೇಕು, ಮಧ್ಯೆ ಒಂದು ನಿದ್ದೆನೂ ಮಾಡ್ಬೇಕು. ಪೂರ್ತಿ ದಿನ ಬೇಕು ಅದಕ್ಕೆ.”

ಆ ಪೂರ್ತಿ ದಿನ ಕೈತಪ್ಪಿದ್ದು ಗುರುವಾರ. ಒಬ್ಬ ನರ್ಸಿನ ಫೈಲು ತಾರೀಕಮ್ಮನ ಮೇಜಿಗೆ ಬಂತು. ಇಲ್ಲಿನ ಆಸ್ಪತ್ರೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಒಳಗೆ ಬರಲು ಆಕೆಗಿದ್ದ ಪರವಾನಗಿ ಹೋದ ತಿಂಗಳ ಎಂಟನೇ ತಾರೀಕಿಗೆ ಮುಗಿಯುತ್ತಿತ್ತು. ಮುದ್ರೆಯಲ್ಲಿ ಒಂಬತ್ತು, ಕಂಪ್ಯೂಟರಿನಲ್ಲಿ ಎಂಟು. ಒಂಬತ್ತೇ ನಿಜವಾದರೆ ಕೆಲಸವೂ ಇಲ್ಲ, ಇಲ್ಲಿರುವ ಹಕ್ಕೂ ಇಲ್ಲ.

ಹಾಳೆ ತೆಗೆಯುವ ಮೊದಲೇ ತಾರೀಕಮ್ಮನಿಗೆ ಗೊತ್ತಾಗಿತ್ತು. ಎಂಟರಂದು ಮಂಜಿಗೆ ಸಿಕ್ಕಿ ಕಡೆಯ ದೋಣಿ ಎರಡೂವರೆ ಗಂಟೆ ತಡವಾಗಿತ್ತು. ಮೂರನೇ ಕೌಂಟರಿನ ಅಧಿಕಾರಿ ಇನ್ನು ದೋಣಿಯಿಲ್ಲ ಅಂದುಕೊಂಡು, ಬೆಳಗಿನವರಿಗೆ ಉಪಕಾರವಾಗಲಿ ಅಂತ ಚಕ್ರ ತಿರುಗಿಸಿ ಠಸ್ಸೆಯ ಪೆಟ್ಟಿಗೆಗೆ ಬೀಗ ಹಾಕಿದ್ದರು. ದೋಣಿ ಬಂದಾಗ ಮತ್ತೆ ಪೆಟ್ಟಿಗೆ ತೆಗೆದು, ನೋಡದೆ ಒತ್ತಿದರು. ನಲವತ್ತೊಂದು ಜನ ನಾಳೆಯ ತಾರೀಕಿಗೆ ಬಂದಿಳಿದರು. ಮಾರನೇ ದಿನದ ಹಾಳೆಯಲ್ಲಿ ಮೂರನೇ ಮುದ್ರೆಯ ಪಕ್ಕ ತಾರೀಕಮ್ಮನದೇ ಅಕ್ಷರ: ‘ನಾನು ಬರುವ ಮೊದಲೇ ತಿರುಗಿದೆ.’

ಆ ನಲವತ್ತೊಂದರಲ್ಲಿ ಅಕ್ಕನೂ ಒಬ್ಬರು.

“ದೋಣಿಕಟ್ಟೆಯಿಂದ ಅವಳ ಕೈ ಹಿಡ್ಕೊಂಡು ಕರ್ಕೊಂಡು ಬಂದೋಳು ನಾನೇ. ಎಂಟು ಅಂತ ನಂಗೆ ಗೊತ್ತಿಲ್ವಾ? ಗೊತ್ತು. ಆದ್ರೆ ಅಕ್ಕ ಭಾನುವಾರದ ತನಕ ಅಂದ್ಲು. ಬೇಕಾಗಿದ್ದೂ ಅದೇ. ಎಲ್ಲರದೂ ಎಣಿಸ್ತೀನಿ, ಅವಳದ್ದೊಂದು ಎಣಿಸೋಕೆ ಹೋಗ್ಲಿಲ್ಲ,” ಅನ್ನುತ್ತಾರೆ. ಹೇಳುವಾಗ ಕಣ್ಣು ಠಸ್ಸೆಯ ಮೇಲೇ ಇದೆ.

ಮೇಲ್ವಿಚಾರಕರು ಕೆಟ್ಟವರಲ್ಲ. ಫೈಲು ನೋಡಿ ಮೆಲ್ಲಗೆ ಅಂದರು: “ಹುಡುಗೀದು ಎಂಟು ಅಂತ ಬರೀರಿ. ನಿಮ್ಮ ಅಕ್ಕಂದು ಯಾರು ಕೇಳ್ತಾರೆ? ಮುದ್ರೆ ಇದೆಯಲ್ಲ, ಹಾಗೇ ಬಿಟ್ಬಿಡಿ.”

“ಒಂದೇ ದೋಣಿ ಸಾರ್,” ಅಂದರು ತಾರೀಕಮ್ಮ. “ಒಂದೇ ದೋಣಿಗೆ ಎರಡು ತಾರೀಕು ಬರೆದ್ರೆ, ನಾಳೆ ಆ ಹುಡುಗಿಯ ಎಂಟನ್ನ ಯಾರು ನಂಬ್ತಾರೆ?” ನಲವತ್ತೊಂದು ಹೆಸರಿಗೂ ಎಂಟು ಅಂತ ಬರೆದು ಸಹಿ ಹಾಕಿದರು. ಅಕ್ಕನ ಹೆಸರು ಹತ್ತೊಂಬತ್ತನೆಯದು.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತಂತೆ. ಅಕ್ಕ, “ಊರಿಗೆಲ್ಲ ತಾರೀಕಮ್ಮ, ಒಡಹುಟ್ಟಿದೋಳಿಗೆ ಒಂದು ದಿನ ಗಿಟ್ಟಿಸೋಕೆ ಆಗ್ಲಿಲ್ಲ ನಿಂಗೆ,” ಅಂದು ಗೋಡೆ ಕಡೆ ತಿರುಗಿ ಮಲಗಿದರು. ಕಂಬಳಿ ಎಳೆದುಕೊಂಡು ಆ ಕಡೆಯಿಂದಲೇ ಕೇಳಿದರು: “ಆ ಹುಡುಗಿಗೆ ಕೆಲಸ ಉಳೀತಾ?” ಉಳಿಯಿತು ಅಂದರು ತಂಗಿ. “ಸರಿ, ದೀಪ ಆರಿಸು.”

ನಿನ್ನೆ ನಾಲ್ಕು ಗಂಟೆಯ ದೋಣಿ. ಪಾಸ್‌ಪೋರ್ಟಿನಲ್ಲಿ ಒಂಬತ್ತರ ಪಕ್ಕ ಎಂಟು ಅಂತ ತಿದ್ದಿ, ತಾರೀಕಮ್ಮನ ಚಿಕ್ಕ ಸಹಿ. ಅದರ ಕೆಳಗೆ ಹೊರಗೆ ಹೋಗುವ ಮುದ್ರೆ. ಅಕ್ಕ ಹಲಗೆಯ ಮೇಲೆ ಅರ್ಧಕ್ಕೆ ನಿಂತು, ಹಿಂದಿನವರು ಕಾಯುತ್ತಿದ್ದರೂ, ಕೂಗಿ ಕೇಳಿದರು: “ತಾರೀಕು ಸರಿ ಬಿದ್ದಿದೆಯೇನೇ?”

“ಸರಿಯಾಗಿದೆ.”

“ಹಾಗಾದ್ರೆ ಹೊರಟೆ.”

ಈಗ ಹಾಳೆಯ ಮಸಿ ಒಣಗಿದೆ. ಮನೆಯಲ್ಲಿ ಕೂತರೆ ಟ್ರಂಕೇ ಕಾಣುತ್ತೆ, ಅದಕ್ಕೇ ಬಂದೆ ಅನ್ನುತ್ತಾರೆ. ಡ್ರಾಯರಿನಿಂದ ಒಂದು ಪಾಸ್‌ಪೋರ್ಟು ತೆಗೆದು ತೋರಿಸುತ್ತಾರೆ, ಅವರದೇ. ಮಾಡಿಸಿ ಎಂಟು ತಿಂಗಳಾಯಿತು, ಮೂವತ್ತಾರು ಪುಟವೂ ಖಾಲಿ. ಈ ಕಚೇರಿಯವರು ಗಡಿ ದಾಟಬೇಕಾದರೆ ಮೇಲಿನವರ ಅನುಮತಿ ಬೇಕು. ಮೂರು ಅರ್ಜಿ ಹಾಕಿದ್ದಾರೆ. ಮೂರಕ್ಕೂ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ನಿವೃತ್ತಿಗೆ ಮೂರು ವರ್ಷವಿದೆ, ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಅಕ್ಕನ ಮೊಣಕಾಲಿಗೆ ಅಷ್ಟು ಪುರುಸೊತ್ತಿದೆಯೋ ಇಲ್ಲವೋ.

ನಿನ್ನೆ ರಾತ್ರಿ ನಾಲ್ಕನೇ ಅರ್ಜಿ ಬರೆದಿದ್ದಾರೆ. “ಅವಳ ಮನೆ ನೋಡ್ಬೇಕು. ಇಪ್ಪತ್ತೇಳು ವರ್ಷದಿಂದ ಬರೀ ಮಾತಲ್ಲೇ ನೋಡಿದ್ದೀನಿ, ಬಾಗಿಲು ಯಾವ ಕಡೆ ಅಂತಾನೂ ಗೊತ್ತಿಲ್ಲ. ಟ್ರಂಕು ಹೊತ್ಕೊಂಡೇ ಹೋಗ್ತೀನಿ. ಸುಂಕದೋರು ತೆಗೀರಿ ಅಂದ್ರೂ ತೆಗೆಯಲ್ಲ, ಬೇಕಾದ್ರೆ ತೂಕ ಹಾಕ್ಕೊಳ್ಳಲಿ.”

ಮಂಜಿನೊಳಗಿನಿಂದ ಮೊದಲ ದೋಣಿಯ ಸದ್ದು ಕೇಳುತ್ತದೆ. ತಾರೀಕಮ್ಮ ನಾಲ್ಕು ಠಸ್ಸೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಏಳುತ್ತಾರೆ. ಬಾಗಿಲ ಹತ್ತಿರ ಏನೋ ನೆನಪಾದವರಂತೆ ನಿಲ್ಲುತ್ತಾರೆ.

“ಆ ದಡದಲ್ಲಿ ಬೆಳಿಗ್ಗೆ ಚಕ್ರ ತಿರುಗಿಸೋರು ಯಾರೋ ಏನೋ. ಇಳಿದ ತಕ್ಷಣ ಮೊದಲು ಅವರ ಠಸ್ಸೆ ನೋಡ್ತೀನಿ, ಆಮೇಲೇ ಪಾಸ್‌ಪೋರ್ಟ್ ಕೊಡೋದು. ನಾನು ಬಂದಿದ್ದು ತಡವಾಗಿರಬಹುದು. ತಾರೀಕು ಮಾತ್ರ ಸರಿಯಿರ್ಬೇಕು.”